ಕೋಟೆ ತೋರಿಸಿದರೆ ಚರಿತ್ರೆ ಆಗುವುದಿಲ್ಲ

ಚಿತ್ರದುರ್ಗದ ಪಾಳೆಯಗಾರರ ಮೇಲೆ ಕಾದಂಬರಿ, ನಾಟಕ ಬರೆಯಹೊರಟವರಲ್ಲಿ ಹಲವರಿಗೆ ಒಂದು ಕೆಟ್ಟ ಚಾಳಿ ಅಂಟಿದೆ. ಕಥಾನಾಯಕನೊಬ್ಬನನ್ನು ಕಲ್ಪಿಸಿಕೊಳ್ಳುವುದು, ಅವನನ್ನು ಮದಕರಿ ನಾಯಕನ ವಂಶಕ್ಕೆ ಸೇರಿಸುವುದು, ಏಳುಸುತ್ತಿನ ಕೋಟೆಯ ಮೇಲೆ ನಿಲ್ಲಿಸಿ ಹೈದರಾಲಿಗೆ ಸವಾಲು ಹಾಕಿಸುವುದು. ಅಷ್ಟಕ್ಕೇ ಐತಿಹಾಸಿಕ ಕೃತಿ ಸಿದ್ಧ! ಇದು ಸೋಮಾರಿತನ; ದುರ್ಗದ ಜನಕ್ಕೆ ಮಾಡುವ ಅವಮಾನ.

ಇವರ ಒನಕೆ ಓಬವ್ವ 1972ರ ‘ನಾಗರಹಾವು’ ಚಿತ್ರದಿಂದ ಬಂದವಳು. ಇವರ ಮದಕರಿ ತ.ರಾ.ಸು. ಅವರ ‘ದುರ್ಗಾಸ್ತಮಾನ’ದಿಂದ ಬಂದವನು. ತ.ರಾ.ಸು. ಕಾದಂಬರಿಕಾರರು, ಕಲ್ಪಿಸುವ ಹಕ್ಕು ಅವರಿಗಿತ್ತು, ದುರ್ಗದ ಚರಿತ್ರೆಯನ್ನು ಬದುಕಿಡೀ ಹಚ್ಚಿಕೊಂಡು ಆ ಹಕ್ಕನ್ನು ಗಳಿಸಿದ್ದರು. ಹುಲ್ಲೂರು ಶ್ರೀನಿವಾಸ ಜೋಯಿಸರಂಥವರು ಕಡತ, ಶಾಸನ ಹುಡುಕಿ ಹಾಕಿಕೊಟ್ಟ ತಳಪಾಯವೂ ಇತ್ತು. ಆ ತಳಪಾಯವನ್ನು ಮುಟ್ಟಿಯೂ ನೋಡದೆ, ಒಬ್ಬರ ಕಲ್ಪನೆಯನ್ನೇ ದಾಖಲೆಯೆಂದು ನಂಬಿ ಅದರ ಮೇಲೆ ಇನ್ನೊಂದು ಕಲ್ಪನೆ ಪೇರಿಸುವುದು ಬರಹವಲ್ಲ.

ಇವರಿಗೆ ಕೋಟೆಯ ಆಚೆ ಊರುಗಳೇ ಇಲ್ಲ. ದುರ್ಗದ ಪಾಳೆಯಗಾರರ ಮೂಲಪುರುಷ ಮತ್ತಿ ತಿಮ್ಮಣ್ಣ ನಾಯಕನಿಗೆ ವಿಜಯನಗರದವರು ಮೊದಲು ಕೊಟ್ಟದ್ದು ಹೊಳಲ್ಕೆರೆ. ಹಿರಿಯೂರು, ಚಿತ್ರದುರ್ಗ ಆಮೇಲೆ ಬಂದವು. ಹೊಸದುರ್ಗದ ಬೆಟ್ಟದ ಕೋಟೆ ಚಿಕ್ಕಣ್ಣ ನಾಯಕನದು. ಭರಮಣ್ಣ ನಾಯಕ ಕೆರೆ, ಗುಡಿಗಳನ್ನು ಕಟ್ಟಿಸಿದ. ಹಿರೇ ಮದಕರಿ ನಾಯಕ ಮಾಯಕೊಂಡದ ಯುದ್ಧಭೂಮಿಯಲ್ಲಿ ಮಡಿದ. 1779ರಲ್ಲಿ ದುರ್ಗ ಹೈದರಾಲಿಯ ಕೈಗೆ ಬಿದ್ದ ಮೇಲೆ ಸುಮಾರು 20 ಸಾವಿರ ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದರು, ಹುಡುಗರನ್ನು ಮತಾಂತರಿಸಿ ಚೇಲಾ ಪಡೆ ಕಟ್ಟಿದರು ಎಂದು ಬ್ರಿಟಿಷರ ಕಾಲದ ಗ್ಯಾಜೆಟಿಯರ್ ಹೇಳುತ್ತದೆ. ತಂದೆಯನ್ನು ಸೋಲಿಸಿದವನ ಸೈನ್ಯದಲ್ಲೇ ಕತ್ತಿ ಹಿಡಿಯಬೇಕಾದ ಆ ಹುಡುಗನ ಸಂಕಟಕ್ಕಿಂತ ದೊಡ್ಡ ಕಥಾವಸ್ತು ಬೇಕೆ? ಅವನ ಕಡೆ ಯಾರೂ ತಿರುಗಿ ನೋಡುವುದಿಲ್ಲ.

ಕಲ್ಪನೆಯ ಬಲವನ್ನು ಹಗುರವಾಗಿ ಕಾಣಬೇಡಿ. ಸ್ಕಾಟ್ಲೆಂಡಿನ ದೊರೆ ಮ್ಯಾಕ್‌ಬೆತ್ 1040ರಿಂದ 1057ರವರೆಗೆ 17 ವರ್ಷ ರಾಜ್ಯವಾಳಿದ. ಡಂಕನ್ ಸತ್ತದ್ದು ಅತಿಥಿಯಾಗಿ ಮಲಗಿದ್ದಾಗ ಅಲ್ಲ, ಯುದ್ಧದಲ್ಲಿ. ಆದರೆ ಷೇಕ್ಸ್‌ಪಿಯರನ ನಾಟಕ ಬಂದ ಮೇಲೆ ಲೋಕದ ಕಣ್ಣಿಗೆ ಮ್ಯಾಕ್‌ಬೆತ್ ಬರೀ ಕೊಲೆಗಡುಕ. ಅದೇ ಸ್ಕಾಟ್ಲೆಂಡಿನ ವಾಲ್ಟರ್ ಸ್ಕಾಟ್ 1814ರ ‘ವೇವರ್ಲಿ’ಯಲ್ಲಿ ಬೇರೆ ದಾರಿ ಹಿಡಿದ: 1745ರ ದಂಗೆಯ ನಡುವೆ ಕಲ್ಪಿತ ತರುಣನೊಬ್ಬನನ್ನು ನಿಲ್ಲಿಸಿ, ದಂಗೆಯ ಮುಂದಾಳಾದ ರಾಜಕುಮಾರನನ್ನು ಬದಿಗಿಟ್ಟ.

ನಮ್ಮಲ್ಲೂ ಇಂದು ಬರೆದ ಸುಳ್ಳು ನಾಳೆ ಶಾಲೆಯ ಮಗುವಿನ ಭಾಷಣವಾಗುತ್ತದೆ, ನಾಡಿದ್ದು ಜಾತಿ ಜಗಳಕ್ಕೆ ಸಾಕ್ಷಿಯಾಗುತ್ತದೆ. ಆದ್ದರಿಂದ ಬರೆಯುವವರೇ, ಮೊದಲು ಓದಿ. ಹೊಳಲ್ಕೆರೆ, ಹಿರಿಯೂರು, ಹೊಸದುರ್ಗಗಳಲ್ಲಿ ನಡೆದಾಡಿ, ಹಿರಿಯರ ಮಾತು ಕೇಳಿ. ಯಾವುದು ದಾಖಲೆ, ಯಾವುದು ನಿಮ್ಮ ಕಲ್ಪನೆ ಎಂದು ಮುನ್ನುಡಿಯಲ್ಲಿ ಬಿಡಿಸಿ ಹೇಳಿ. ಅಷ್ಟು ಶ್ರಮಪಡಲಾಗದಿದ್ದರೆ ನಿಮ್ಮ ನಾಯಕನಿಗೆ ಬೇರೆ ಊರು ಹುಡುಕಿ. ದುರ್ಗದ ಹೆಸರು ಮುಟ್ಟಬೇಡಿ.