ಗಡಿ ಕಾಯುವವರ ಬೂಟಿಗೂ ಗಡುವು ಬೇಕು



ರಕ್ಷಣಾ ಖರೀದಿ ಎಂದ ಕೂಡಲೇ ಚರ್ಚೆ ಯುದ್ಧವಿಮಾನ, ಕ್ಷಿಪಣಿಗಳ ಸುತ್ತಲೇ ಸುತ್ತುತ್ತದೆ. ಹಿಮದಲ್ಲಿ ಪಹರೆ ನಿಂತವನ ಬೂಟು, ಕನ್ನಡಕ, ಮಲಗುವ ಚೀಲ ಹೊತ್ತಿಗೆ ಸರಿಯಾಗಿ ಬಂದವೇ ಎಂದು ಕೇಳುವವರು ಕಡಿಮೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಹಳ್ಳಿಗಳಿಂದ ಸೇನೆಗೂ ಗಡಿ ಭದ್ರತಾ ಪಡೆಗೂ ಹುಡುಗರು ಸೇರುತ್ತಲೇ ಇದ್ದಾರೆ. ಅವರನ್ನು ಕಳಿಸಿಕೊಟ್ಟ ಮನೆಗಳಿಗೆ ಈ ಪ್ರಶ್ನೆ ಕೇಳುವ ಹಕ್ಕಿದೆ.

2020ರ ಫೆಬ್ರುವರಿಯಲ್ಲಿ ಸಂಸತ್ತಿನ ಮುಂದೆ ಬಂದ ಸಿಎಜಿ ವರದಿಯನ್ನು ದೇಶ ಬೇಗ ಮರೆಯಿತು. ಸಿಯಾಚಿನ್, ಲಡಾಖ್‌ನಂಥ ಎತ್ತರದ ನೆಲೆಗಳಿಗೆ ಬೇಕಾದ ಉಡುಪು, ಸಲಕರಣೆಗಳ ಖರೀದಿ ನಾಲ್ಕು ವರ್ಷಗಳವರೆಗೂ ತಡವಾಗಿತ್ತು ಎಂದು ಅದು ಹೇಳಿತು. ಹಿಮದ ಬೆಳಕಿನಿಂದ ಕಣ್ಣು ಕಾಯುವ ಕನ್ನಡಕಗಳ ಕೊರತೆ ಶೇ 62ರಿಂದ 98ರಷ್ಟಿತ್ತು. 2015ರ ನವೆಂಬರ್‌ನಿಂದ 2016ರ ಸೆಪ್ಟೆಂಬರ್‌ವರೆಗೆ ಹೊಸ ಬೂಟು ಸಿಗದೆ ಹಳೆಯವನ್ನೇ ಸರಿಪಡಿಸಿ ತೊಡಬೇಕಾಯಿತು. ಇಂಥ ಖರೀದಿಯನ್ನು ಚುರುಕುಗೊಳಿಸಲೆಂದೇ 2007ರಲ್ಲಿ ಉನ್ನತಾಧಿಕಾರ ಸಮಿತಿಯೊಂದನ್ನು ರಚಿಸಲಾಗಿತ್ತು. ಸಮಿತಿ ಇದ್ದೂ ಈ ಗತಿ.

ಆ ಚಳಿಗಾಲವನ್ನು ನಮ್ಮ ಸೀಮೆ ಮರೆಯುವಂತಿಲ್ಲ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನ ಸೋನಂ ಠಾಣೆಯ ಮೇಲೆ ಹಿಮ ಕುಸಿದು ಹತ್ತು ಯೋಧರು ಹೂತುಹೋದರು. ಹಾಸನದ ಟಿ.ಟಿ. ನಾಗೇಶ್, ಎಚ್.ಡಿ. ಕೋಟೆಯ ಪಿ.ಎನ್. ಮಹೇಶ್ ಅಲ್ಲೇ ಪ್ರಾಣ ಬಿಟ್ಟರು. ಹಾವೇರಿ ಜಿಲ್ಲೆಗೆ ಹೊಂದಿಕೊಂಡ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನಗಳ ಬಳಿಕ ಜೀವಂತವಾಗಿ ಸಿಕ್ಕರೂ 11ರಂದು ದೆಹಲಿಯಲ್ಲಿ ಕೊನೆಯುಸಿರೆಳೆದರು. ಅವರನ್ನು ಬಲಿ ತೆಗೆದುಕೊಂಡದ್ದು ಹಿಮಕುಸಿತ, ಸಲಕರಣೆಯ ಕೊರತೆಯಲ್ಲ. ಆದರೆ ಊರೂರಲ್ಲಿ ಜನ ಅವರಿಗಾಗಿ ದೀಪ ಹಚ್ಚಿ ಪ್ರಾರ್ಥಿಸುತ್ತಿದ್ದ ಆ ತಿಂಗಳಲ್ಲೇ ಬೂಟಿನ ಪೂರೈಕೆ ನಿಂತಿತ್ತು ಎಂಬುದು ನಾಲ್ಕು ವರ್ಷಗಳ ನಂತರ ತಿಳಿಯಿತು.

ವರದಿ 2015–16ರ ಕಾಲದ್ದು, ಈಗ ಸಿಯಾಚಿನ್‌ಗೆ ಹೋಗುವ ಪ್ರತಿ ಯೋಧನಿಗೂ ಸುಮಾರು ಒಂದು ಲಕ್ಷ ರೂಪಾಯಿಯ ಉಡುಪು ಸಿಗುತ್ತಿದೆ ಎಂದು ಆಗಿನ ಸೇನಾ ಮುಖ್ಯಸ್ಥ ಜನರಲ್ ನರವಣೆ ಉತ್ತರಿಸಿದರು. ಸುಧಾರಣೆ ಆಗಿದ್ದರೆ ಅದು ಸಂತೋಷದ ಸಂಗತಿಯೇ. ಆದರೂ 2020ರಲ್ಲೇ ಗಾಲ್ವಾನ್ ಸಂಘರ್ಷದ ನಂತರ ಲಡಾಖ್‌ಗೆ ಹೆಚ್ಚಿನ ಪಡೆ ಕಳಿಸಿದಾಗ, ಅಮೆರಿಕದಿಂದ ತುರ್ತಾಗಿ ಚಳಿಯುಡುಪು ತರಿಸಬೇಕಾಯಿತು.

ಗುಂಡು ತಡೆಯುವ ಜಾಕೆಟ್ಟಿನ ಕಥೆಯೂ ಇದೇ. 2009ರಲ್ಲಿ ಎದ್ದ ಬೇಡಿಕೆಗೆ ದೊಡ್ಡ ಒಪ್ಪಂದವಾದದ್ದು 2018ರ ಏಪ್ರಿಲ್‌ನಲ್ಲಿ. 639 ಕೋಟಿ ರೂಪಾಯಿಗೆ 1,86,138 ಜಾಕೆಟ್. ನಡುವೆ 2016ರಲ್ಲಿ 50,000 ಜಾಕೆಟ್‌ಗಳ ತುರ್ತು ಖರೀದಿಯಾಯಿತು. ಪರೀಕ್ಷೆಗಳು ಕಠಿಣವಾಗಿರಬೇಕು, ನಿಜ. ಆದರೆ ಒಂಬತ್ತು ವರ್ಷ?

ಈ ವಿಳಂಬಕ್ಕೆ ಉತ್ತರ ಕೇಳುವವರು ಯಾರು? ನಮ್ಮ ರೈತನನ್ನೇ ನೋಡಿ. ಬ್ಯಾಡಗಿ ಮಾರುಕಟ್ಟೆಯಲ್ಲಿ ಸುಗ್ಗಿ ಬಂದರೆ ಸೋಮವಾರ, ಗುರುವಾರ ಲಕ್ಷ ಮೀರಿ ಮೆಣಸಿನಕಾಯಿ ಚೀಲಗಳು ಇ–ಟೆಂಡರ್‌ಗೆ ಬರುತ್ತವೆ. ಯಾವ ರಾಶಿಗೆ ಎಷ್ಟು ದರ ಬಿತ್ತೆಂಬುದು ರೈತನಿಗೆ ಅಂದೇ ತಿಳಿಯುತ್ತದೆ. ದರ ಬಿದ್ದರೆ ಅವನು ಅಲ್ಲೇ ಕೇಳುತ್ತಾನೆ. 2024ರ ಮಾರ್ಚ್ 11ರಂದು ಆ ಸಿಟ್ಟು ಎಪಿಎಂಸಿ ಕಚೇರಿಗೆ ಬೆಂಕಿ ಹಚ್ಚುವವರೆಗೂ ಹೋಯಿತು. ಆ ಹಿಂಸೆ ಒಪ್ಪುವಂಥದ್ದಲ್ಲ, ಕೇಳುವ ಹಕ್ಕು ಮಾತ್ರ ಅವನದೇ. ಯೋಧನಿಗೆ ಆ ಹಕ್ಕೂ ಇಲ್ಲ, ಶಿಸ್ತು ಅವನ ಬಾಯಿ ಕಟ್ಟಿರುತ್ತದೆ. 2017ರ ಜನವರಿಯಲ್ಲಿ ಗಡಿ ಭದ್ರತಾ ಪಡೆಯ ತೇಜ್ ಬಹದ್ದೂರ್ ಯಾದವ್ ಊಟದ ಗುಣಮಟ್ಟದ ಬಗ್ಗೆ ವಿಡಿಯೊ ಹರಿಬಿಟ್ಟರು. ದೂರು ಸುಳ್ಳೆಂದು ಪಡೆ ಹೇಳಿತು, ಏಪ್ರಿಲ್‌ನಲ್ಲಿ ಅವರನ್ನು ವಜಾ ಮಾಡಿತು. ಆದ್ದರಿಂದ ಯೋಧನ ಪರವಾಗಿ ಕೇಳಬೇಕಾದವರು ನಾಗರಿಕರು ಮತ್ತು ಅವರ ಪ್ರತಿನಿಧಿಗಳು.

ಬೂಟು, ಕೋಟು, ಕನ್ನಡಕದ ಖರೀದಿಯಲ್ಲಿ ಶತ್ರುವಿನಿಂದ ಮುಚ್ಚಿಡಬೇಕಾದ ಗುಟ್ಟು ಹೆಚ್ಚೇನಿಲ್ಲ. ಹೀಗಾಗಿ ಮೂರು ಬೇಡಿಕೆಗಳು. ಯೋಧರ ವೈಯಕ್ತಿಕ ಉಡುಪು, ಸಲಕರಣೆಯ ಪ್ರತಿ ಟೆಂಡರ್‌ಗೂ ಬೇಡಿಕೆಯಿಂದ ಪೂರೈಕೆಯವರೆಗೆ ಗಡುವು ಇರಬೇಕು, ಅದು ಮೀರಿದರೆ ಉತ್ತರ ಕೊಡಬೇಕಾದ ಅಧಿಕಾರಿ ಯಾರೆಂದು ಮೊದಲೇ ಗೊತ್ತುಪಡಿಸಬೇಕು. ಚಳಿಗಾಲದ ಸಾಮಗ್ರಿ ಎಷ್ಟು ತಲುಪಿದೆ ಎಂಬುದನ್ನು ಪ್ರತಿ ವರ್ಷ ಹಿಮ ಬೀಳುವ ಮುನ್ನ ಸಂಸದೀಯ ರಕ್ಷಣಾ ಸಮಿತಿಗೆ ತಿಳಿಸಬೇಕು. ರಕ್ಷಣಾ ಲೆಕ್ಕಪರಿಶೋಧನೆಯ ವರದಿಗಳನ್ನು ಹಿಂದಿನಂತೆ ಜಾಲತಾಣದಲ್ಲಿ ಎಲ್ಲರಿಗೂ ಸಿಗುವಂತೆ ಹಾಕಬೇಕು.

ಹಾವೇರಿ ಕ್ಷೇತ್ರದ ಸಂಸದರು ಮುಂದಿನ ಅಧಿವೇಶನದಲ್ಲೇ ಈ ಕುರಿತು ಲಿಖಿತ ಪ್ರಶ್ನೆ ಕೇಳಿ, ಬಂದ ಉತ್ತರವನ್ನು ಜಿಲ್ಲೆಯ ಪತ್ರಿಕೆಗಳಿಗೆ ಕೊಡಲಿ.

– ಓದುಗರೊಬ್ಬರು, ರಾಣೆಬೆನ್ನೂರು