ಸೌರ ಛಾವಣಿಯ ಡಿಸಿ ಬ್ರೇಕರ್: ಸಹಾಯಧನದ ಲೆಕ್ಕಕ್ಕೆ ಸಿಗದ ಸುರಕ್ಷತೆ

ಬೆಂಗಳೂರು: ಮನೆಯ ಛಾವಣಿಯ ಮೇಲೆ ಸೌರಫಲಕ ಅಳವಡಿಸುವವರಿಗೆ ಕೇಂದ್ರ ಸರಕಾರ ನೀಡುವ ಸಹಾಯಧನದ ಲೆಕ್ಕ ಈಗ ನಗರವಾಸಿಗಳಿಗೆ ಬಾಯಿಪಾಠವಾಗಿದೆ. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಡಿ 1 ಕಿಲೋವ್ಯಾಟ್ ಘಟಕಕ್ಕೆ 30 ಸಾವಿರ, 2 ಕಿಲೋವ್ಯಾಟ್‌ಗೆ 60 ಸಾವಿರ, 3 ಕಿಲೋವ್ಯಾಟ್ ಹಾಗೂ ಅದಕ್ಕೆ ಮೇಲ್ಪಟ್ಟು 78 ಸಾವಿರ ರೂಪಾಯಿ. ಫಲಕ ಯಾವ ಕಂಪನಿಯದು, ಇನ್ವರ್ಟರ್ ಎಷ್ಟು ವರ್ಷ ಬಾಳುತ್ತದೆ ಎಂಬ ಚರ್ಚೆಯೂ ಧಾರಾಳವಾಗಿ ನಡೆಯುತ್ತದೆ. ಆದರೆ ಫಲಕಕ್ಕೂ ಇನ್ವರ್ಟರ್‌ಗೂ ನಡುವೆ, ಗೋಡೆಗೆ ಬಿಗಿದ ಒಂದು ಡಬ್ಬಿಯೊಳಗೆ ಕುಳಿತಿರುವ ಡಿಸಿ ಸರ್ಕ್ಯೂಟ್ ಬ್ರೇಕರ್ ಬಗ್ಗೆ ವಿಚಾರಿಸುವವರು ವಿರಳ.

200 ಯೂನಿಟ್‌ವರೆಗೆ ಉಚಿತ ವಿದ್ಯುತ್ ನೀಡುವ ಗೃಹಜ್ಯೋತಿ 2023ರಲ್ಲಿ ಜಾರಿಯಾದ ಬಳಿಕ ಕರ್ನಾಟಕದಲ್ಲಿ ಛಾವಣಿ ಸೌರವಿದ್ಯುತ್ತಿನ ಆಕರ್ಷಣೆ ಕೊಂಚ ತಗ್ಗಿತು ಎಂಬ ಮಾತಿದೆ. ಅದು ಬೇರೆಯೇ ಚರ್ಚೆ. ಫಲಕ ಹಾಕಿಸಿಕೊಂಡವರ ಮತ್ತು ಹಾಕಿಸಿಕೊಳ್ಳಲಿರುವವರ ಮನೆಯ ಮೇಲೆ ನಿಲ್ಲುವ ವಿದ್ಯುತ್ತಿನ ಸ್ವರೂಪವೇ ಬೇರೆ ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ.

ಆರದ ಕಿಡಿ

ನಮ್ಮ ಮನೆಗಳಿಗೆ ಕಂಬದಿಂದ ಬರುವ ಎಸಿ ವಿದ್ಯುತ್ ಸೆಕೆಂಡಿಗೆ 50 ಆವರ್ತನಗಳನ್ನು ಪೂರೈಸುತ್ತದೆ. ಅಂದರೆ ಪ್ರತಿ ಸೆಕೆಂಡಿನಲ್ಲಿ 100 ಬಾರಿ ಅದು ಶೂನ್ಯವನ್ನು ಹಾದುಹೋಗುತ್ತದೆ. ಸ್ವಿಚ್ ತೆರೆದಾಗ ಎರಡು ಲೋಹದ ತುದಿಗಳ ನಡುವೆ ಹುಟ್ಟುವ ಕಿಡಿ ಈ ಶೂನ್ಯಕ್ಷಣದಲ್ಲಿ ತಾನಾಗಿಯೇ ನಂದುತ್ತದೆ. ಸೌರಫಲಕ ಉತ್ಪಾದಿಸುವ ಡಿಸಿ ವಿದ್ಯುತ್ತಿಗೆ ಅಂತಹ ಶೂನ್ಯಕ್ಷಣವೇ ಇಲ್ಲ. ಕಿಡಿ ಒಮ್ಮೆ ಹತ್ತಿಕೊಂಡರೆ ಅದನ್ನು ಎಳೆದು, ಉದ್ದಗೊಳಿಸಿ, ತುಂಡರಿಸಿ, ತಣಿಸಿ ನಂದಿಸಬೇಕು. ಡಿಸಿ ಬ್ರೇಕರಿನೊಳಗೆ ಆಯಸ್ಕಾಂತ ಹಾಗೂ ಲೋಹದ ತೆಳು ಪಟ್ಟಿಗಳ ಗೂಡು ಇರುವುದು ಈ ಕೆಲಸಕ್ಕಾಗಿಯೇ. ಸಾಧಾರಣ ಎಸಿ ಎಂಸಿಬಿಯನ್ನು ಈ ಜಾಗದಲ್ಲಿ ಕೂರಿಸಿದರೆ ಅದು ತೆರೆದುಕೊಂಡಂತೆ ಕಂಡರೂ ಒಳಗೆ ಕಿಡಿ ಉರಿಯುತ್ತಲೇ ಇದ್ದು ಕವಚವೇ ಕರಗಬಹುದು.

ಹಾಗಿದ್ದರೂ ಎಸಿ ಎಂಸಿಬಿ ಈ ಡಬ್ಬಿಗೆ ನುಸುಳುವುದೇಕೆ? ಬೆಲೆಯ ವ್ಯತ್ಯಾಸ ಒಂದು ಕಾರಣ. ಹಳೆಯ ಅಭ್ಯಾಸ ಇನ್ನೊಂದು. ಕರ್ನಾಟಕಕ್ಕೆ ಮನೆ ಮಟ್ಟದ ಸೌರವಿದ್ಯುತ್ ಹೊಸತಲ್ಲ. ಬೆಂಗಳೂರು ಮೂಲದ ಸೆಲ್ಕೊ 1995ರಿಂದಲೇ ಗ್ರಾಮಾಂತರ ಮನೆಗಳಿಗೆ ಸೌರದೀಪ ತಲುಪಿಸುತ್ತ ಬಂದಿದೆ. ಇಂತಹ ದೀಪವ್ಯವಸ್ಥೆಗಳ ವೋಲ್ಟೇಜ್ 12, ಹೆಚ್ಚೆಂದರೆ 24. ಕೆಲವು ತಯಾರಕರು ತಮ್ಮ ಎಸಿ ಎಂಸಿಬಿಯನ್ನು ಪ್ರತಿ ಪೋಲಿಗೆ 60 ವೋಲ್ಟ್ ಡಿಸಿವರೆಗೆ ಬಳಸಲು ತಾವೇ ಅನುಮತಿಸುತ್ತಾರೆ. ಆ ಕಾಲದಲ್ಲಿ ಕೈ ಪಳಗಿಸಿಕೊಂಡ ಎಲೆಕ್ಟ್ರಿಷಿಯನ್‌ಗೆ ಅದು ತಪ್ಪಾಗಿ ತೋರಬೇಕಿರಲಿಲ್ಲ. ಇಂದಿನ ಛಾವಣಿಯ ಲೆಕ್ಕ ಹಾಗಿಲ್ಲ. ಈಗ ಬಳಕೆಯಲ್ಲಿರುವ 540 ವ್ಯಾಟ್‌ನ ಒಂದು ಫಲಕದ ತೆರೆದ ವೋಲ್ಟೇಜ್ ಸುಮಾರು 49. ಆರು ಫಲಕಗಳನ್ನು ಸರಣಿಯಲ್ಲಿ ಜೋಡಿಸಿದರೆ 300ರ ಸಮೀಪ, ಹತ್ತು ಜೋಡಿಸಿದರೆ 500ರ ಸಮೀಪ. ಚಳಿ ಹೆಚ್ಚಿದಷ್ಟೂ ಫಲಕದ ವೋಲ್ಟೇಜ್ ಏರುವುದರಿಂದ ಡಿಸೆಂಬರ್‌ನ ಬೀದರಿನ ಮುಂಜಾನೆಯಲ್ಲಿ ಇದಕ್ಕೆ ಇನ್ನೂ ಶೇ 4-5ರಷ್ಟು ಸೇರಿಸಿಕೊಳ್ಳಬೇಕು. ಬ್ರೇಕರ್ ಮೇಲೆ ಮುದ್ರಿತವಾದ ಡಿಸಿ ವೋಲ್ಟೇಜ್ ಈ ಮೊತ್ತಕ್ಕಿಂತ ಹೆಚ್ಚಿರಲೇಬೇಕು.

ಶಾರ್ಟ್ ಆದರೂ ಬೀಳದ ಬ್ರೇಕರ್

ಇಲ್ಲಿ ಬಹುತೇಕ ಗ್ರಾಹಕರಿಗೆ ತಿಳಿಸದ ಒಂದು ಅಂಶವಿದೆ. ಮನೆಯೊಳಗಿನ ಎಂಸಿಬಿ ಶಾರ್ಟ್ ಸರ್ಕ್ಯೂಟ್ ಆದೊಡನೆ ಬೀಳುತ್ತದೆ, ಏಕೆಂದರೆ ಹಿಂದಿರುವ ವಿದ್ಯುತ್ ಜಾಲ ಸಾವಿರಾರು ಆಂಪಿಯರ್ ಹರಿಸಬಲ್ಲುದು. ಸೌರಫಲಕಕ್ಕೆ ಆ ಶಕ್ತಿಯಿಲ್ಲ. ಮೇಲೆ ಹೇಳಿದ ಫಲಕ ಪೂರ್ಣ ಬಿಸಿಲಿನಲ್ಲಿ ಸುಮಾರು 13 ಆಂಪಿಯರ್ ನೀಡುತ್ತದೆ. ಅದರ ಎರಡು ತಂತಿಗಳನ್ನು ನೇರವಾಗಿ ಕೂಡಿಸಿದರೂ 14ಕ್ಕಿಂತ ಮೇಲೇರುವುದಿಲ್ಲ. ನಿಯಮದಂತೆ ಅದರ 1.25 ಪಟ್ಟು ಲೆಕ್ಕಹಾಕಿ 20 ಆಂಪಿಯರಿನ ಬ್ರೇಕರ್ ಕೂರಿಸಿದರೆ, ಒಂದೇ ಸರಣಿಯ ಮನೆಯಲ್ಲಿ ಫಲಕದ ಶಾರ್ಟ್ ಸರ್ಕ್ಯೂಟ್‌ಗೆ ಅದು ಬೀಳುವ ಸಂಭವವೇ ಇಲ್ಲ. ಮೂರು ಅಥವಾ ಹೆಚ್ಚು ಸರಣಿಗಳು ಸಮಾಂತರವಾಗಿದ್ದು, ಉಳಿದವು ಒಂದರೊಳಗೆ ಹಿಮ್ಮುಖವಾಗಿ ವಿದ್ಯುತ್ ಹರಿಸುವ ಸಂದರ್ಭದಲ್ಲಿ ಮಾತ್ರ ಅಧಿಕ ಪ್ರವಾಹದ ರಕ್ಷಣೆ ಅರ್ಥಪೂರ್ಣವಾಗುತ್ತದೆ. ಪಾವಗಡದ 2,050 ಮೆಗಾವ್ಯಾಟ್ ಸೌರ ಉದ್ಯಾನದಂತಹ ಕಡೆ ಪ್ರತಿ ಸರಣಿಗೂ ಫ್ಯೂಸ್ ಇಡುವ ಪದ್ಧತಿ ಬಂದಿರುವುದು ಈ ಕಾರಣಕ್ಕೆ.

ಹಾಗಾದರೆ ಸಣ್ಣ ಮನೆಯಲ್ಲಿ ಡಿಸಿ ಬ್ರೇಕರ್ ನಿರರ್ಥಕವೇ? ಖಂಡಿತ ಅಲ್ಲ. ದುರಸ್ತಿಗೋ ಅವಘಡದ ವೇಳೆಗೋ ಇನ್ವರ್ಟರನ್ನು ಫಲಕದಿಂದ ಸುರಕ್ಷಿತವಾಗಿ ಬೇರ್ಪಡಿಸುವ ಸಾಧನ ಅದೇ. ಆದರೆ ಅದನ್ನು ಸರ್ವರಕ್ಷಕ ಎಂದು ಮಾರುವುದು ಸರಿಯಲ್ಲ. ಸಡಿಲ ಜೋಡಣೆಯಲ್ಲಿ ಹುಟ್ಟುವ ಕಿಡಿ ಪ್ರವಾಹವನ್ನು ಹೆಚ್ಚಿಸುವುದಿಲ್ಲವಾದ್ದರಿಂದ ಬ್ರೇಕರಿಗೆ ಅದು ಕಾಣುವುದೇ ಇಲ್ಲ. ಅದನ್ನು ಗುರುತಿಸುವ ವ್ಯವಸ್ಥೆ ಕೆಲವು ಇನ್ವರ್ಟರ್‌ಗಳಲ್ಲಿ ಇದೆ, ಖರೀದಿಗೆ ಮುನ್ನ ಕೇಳಿ ತಿಳಿಯುವುದು ಲೇಸು. ಇನ್ನು ಬ್ರೇಕರ್ ಕೆಳಗಿಳಿಸಿದ ಮಾತ್ರಕ್ಕೆ ಛಾವಣಿ ನಿರ್ಜೀವವಾಗುವುದಿಲ್ಲ. ಫಲಕದಿಂದ ಬ್ರೇಕರ್‌ವರೆಗಿನ ತಂತಿಯಲ್ಲಿ ಬೆಳಕಿರುವಷ್ಟು ಹೊತ್ತೂ ವೋಲ್ಟೇಜ್ ಇದ್ದೇ ಇರುತ್ತದೆ, ಮೋಡ ಕವಿದ ಮುಂಜಾನೆಯಲ್ಲೂ ಬಹುತೇಕ ಪೂರ್ಣಪ್ರಮಾಣದಲ್ಲಿ. ಅಗ್ನಿಶಾಮಕ ಸಿಬ್ಬಂದಿಗೆ ತಲೆನೋವಾಗಿರುವುದು ಇದೇ. ಅಮೆರಿಕದ ವಿದ್ಯುತ್ ಸಂಹಿತೆ 2014ರಿಂದ ಕಟ್ಟಡಗಳ ಮೇಲಿನ ಘಟಕಗಳಿಗೆ ಕ್ಷಿಪ್ರ ಸ್ಥಗಿತ ವ್ಯವಸ್ಥೆಯನ್ನು ವಿಧಿಸಿದ್ದು ಈ ಹಿನ್ನೆಲೆಯಲ್ಲಿ.

ಆಸ್ಟ್ರೇಲಿಯಾ ಕಲಿತ ಪಾಠ

ರಕ್ಷಣೆಯ ಸಾಧನವೇ ಅಪಾಯದ ಮೂಲವಾದ ಉದಾಹರಣೆಗೆ ಆಸ್ಟ್ರೇಲಿಯಾದತ್ತ ನೋಡಬೇಕು. ಅಲ್ಲಿನ 5033 ಸಂಖ್ಯೆಯ ಮಾನದಂಡ 2012ರಲ್ಲಿ ಛಾವಣಿಯ ಮೇಲೆ, ಫಲಕಗಳ ಬಳಿಯೇ ಒಂದು ಡಿಸಿ ಸ್ವಿಚ್ ಇರಬೇಕೆಂದು ಕಡ್ಡಾಯಗೊಳಿಸಿತು. ಉದ್ದೇಶ ಉದಾತ್ತವಾಗಿತ್ತು. ಆದರೆ ಬಿಸಿಲಿಗೆ ಕವಚ ಬಿರುಕುಬಿಟ್ಟು, ಮಳೆನೀರು ಒಳಸೇರಿ, ಆ ಸ್ವಿಚ್‌ಗಳೇ ಸೌರ ಘಟಕಗಳ ಬೆಂಕಿಗೆ ಪ್ರಮುಖ ಕಾರಣವೆನಿಸಿದವು. ಕೆಲವು ಮಾದರಿಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಬೇಕಾಯಿತು. ಕೊನೆಗೆ 2021ರ ಪರಿಷ್ಕರಣೆಯಲ್ಲಿ ಛಾವಣಿ ಸ್ವಿಚ್‌ನ ಕಡ್ಡಾಯವನ್ನೇ ಕೈಬಿಡಲಾಯಿತು. ಭಯಪಡುವ ಅಗತ್ಯವಿಲ್ಲ ಎಂಬುದನ್ನೂ ಹೇಳಬೇಕು: ಜರ್ಮನಿಯಲ್ಲಿ ಗಂಭೀರ ಹಾನಿಯ ಬೆಂಕಿಗೆ ಕಾರಣವಾದ ಸೌರ ಘಟಕಗಳ ಪ್ರಮಾಣ ಶೇ 0.006 ಎಂದು ಅಲ್ಲಿನ ಫ್ರೌನ್‌ಹೋಫರ್ ಸಂಸ್ಥೆ ಲೆಕ್ಕಹಾಕಿದೆ. ಆದರೆ ಅದು ಅಳವಡಿಕೆಯ ಶಿಸ್ತು ಬೇರೂರಿದ ದೇಶದ ಅಂಕಿ ಎಂಬುದನ್ನು ಮರೆಯುವಂತಿಲ್ಲ.

ನಮ್ಮಲ್ಲಿ ಡಬ್ಬಿಯ ಜಾಗವನ್ನು ಸಾಮಾನ್ಯವಾಗಿ ನಿರ್ಧರಿಸುವುದು ತಂತಿಯ ಉದ್ದ. ಮೇ ತಿಂಗಳಲ್ಲಿ ರಾಯಚೂರು, ಕಲಬುರಗಿಯ ಉಷ್ಣಾಂಶ 42 ಡಿಗ್ರಿ ದಾಟುತ್ತದೆ. ನೇರ ಬಿಸಿಲಿಗೆ ಒಡ್ಡಿದ ಮುಚ್ಚಿದ ಡಬ್ಬಿಯೊಳಗೆ ಅದು ಇನ್ನಷ್ಟು ಏರುತ್ತದೆ. ಶಾಖ ಹೆಚ್ಚಿದಂತೆ ಬ್ರೇಕರ್ ತನ್ನ ಮೇಲೆ ಮುದ್ರಿತವಾದ ಆಂಪಿಯರಿಗಿಂತ ಕಡಿಮೆಯಲ್ಲೇ ಬೀಳತೊಡಗುತ್ತದೆ. ಮಧ್ಯಾಹ್ನ ಪದೇ ಪದೇ ಬೀಳುತ್ತಿದೆ ಎಂದು ಯಾರೋ 32 ಆಂಪಿಯರಿನದನ್ನು ತಂದು ಕೂರಿಸುತ್ತಾರೆ. ಸಡಿಲವಾದ ತಿರುಪಿನಿಂದ ಹುಟ್ಟಿದ ಶಾಖ ಮಾತ್ರ ಅಲ್ಲೇ ಉಳಿಯುತ್ತದೆ. ಕರಾವಳಿ, ಮಲೆನಾಡುಗಳ ಕಥೆ ಬೇರೆ. ಅಲ್ಲಿ ಶತ್ರು ತೇವ. ಐಪಿ 65 ದರ್ಜೆಯ ಡಬ್ಬಿ ತಂದು, ತಂತಿಗಾಗಿ ಅದರ ನೆತ್ತಿಯಲ್ಲೇ ರಂಧ್ರ ಕೊರೆದರೆ ಆ ದರ್ಜೆಗೆ ಅರ್ಥವೇನು? ತಂತಿ ಕೆಳಗಿನಿಂದಲೇ, ರಬ್ಬರ್ ಬಿಗಿಯುಳ್ಳ ಗ್ಲಾಂಡ್ ಮೂಲಕವೇ ಒಳಹೋಗಬೇಕು. ಡಬ್ಬಿ ನೆರಳಿನ ಗೋಡೆಯ ಮೇಲಿರಬೇಕು.

ದಿಕ್ಕು ತಪ್ಪಿದರೆ ಕೆಟ್ಟಿತು

ಇನ್ನೊಂದು ಸೂಕ್ಷ್ಮವಿದೆ. ಮಾರುಕಟ್ಟೆಯ ಹಲವು ಡಿಸಿ ಬ್ರೇಕರ್‌ಗಳ ಮೇಲೆ ಧನ, ಋಣ ಗುರುತುಗಳಿರುತ್ತವೆ. ಒಳಗಿನ ಆಯಸ್ಕಾಂತ ಕಿಡಿಯನ್ನು ಪಟ್ಟಿಗಳ ಗೂಡಿನತ್ತ ತಳ್ಳುವುದು ಪ್ರವಾಹ ನಿರ್ದಿಷ್ಟ ದಿಕ್ಕಿನಲ್ಲಿದ್ದಾಗ ಮಾತ್ರ. ತಂತಿ ಅದಲುಬದಲಾದರೆ ಕಿಡಿ ವಿರುದ್ಧ ದಿಕ್ಕಿಗೆ, ಅಂದರೆ ಬ್ರೇಕರಿನ ಒಡಲಿಗೇ ನುಗ್ಗುತ್ತದೆ. ದಿನನಿತ್ಯ ಎಲ್ಲವೂ ಸರಿಯಾಗಿರುವಂತೆ ಕಾಣುವುದರಿಂದ ಈ ದೋಷ ಬೆಳಕಿಗೆ ಬರುವುದು ಹೊರೆಯಿರುವಾಗ ಬ್ರೇಕರ್ ಇಳಿಸಿದ ದಿನವೇ. ಬ್ಯಾಟರಿಯುಳ್ಳ ವ್ಯವಸ್ಥೆಗಳಲ್ಲಿ ವಿದ್ಯುತ್ ಎರಡೂ ದಿಕ್ಕಿಗೆ ಹರಿಯುವುದರಿಂದ ಬ್ಯಾಟರಿ ತಂತಿಗೆ ಇಂತಹ ಬ್ರೇಕರ್ ಸಲ್ಲದು. ದಿಕ್ಕಿನ ಹಂಗಿಲ್ಲದ ಮಾದರಿಯೇ ಬೇಕು.

ನಿರ್ವಹಣೆಯ ವಿಷಯ ದೊಡ್ಡದೇನಲ್ಲ, ಆದರೆ ಯಾರೂ ಮಾಡುವುದಿಲ್ಲ. ಮುಂಗಾರಿಗೆ ಮುನ್ನ ಮತ್ತು ನಂತರ ಡಬ್ಬಿ ತೆರೆಸಿ ತೇವ, ಇರುವೆ, ಹಲ್ಲಿ, ಬಣ್ಣಗೆಟ್ಟ ತಂತಿಗಳನ್ನು ನೋಡಿಸಬೇಕು. ತಯಾರಕರು ಸೂಚಿಸಿದ ಬಿಗಿತಕ್ಕೆ ತಿರುಪುಗಳನ್ನು ಅಳತೆಯ ಉಪಕರಣದಿಂದಲೇ ಬಿಗಿಸಬೇಕು, ಅಂದಾಜಿನಿಂದಲ್ಲ. ಮೊದಲು ಇನ್ವರ್ಟರ್ ನಿಲ್ಲಿಸಿ ಆಮೇಲೆ ಬ್ರೇಕರನ್ನು ಕೆಲವು ಬಾರಿ ಮೇಲೆ ಕೆಳಗೆ ಮಾಡಿದರೆ ಒಳಗಿನ ಚಲನೆ ಜಡವಾಗದು. ತಾನಾಗಿ ಬಿದ್ದ ಬ್ರೇಕರನ್ನು ಕಾರಣ ತಿಳಿಯದೆ ಎತ್ತಬಾರದು. ಫಲಕಗಳ ನಡುವಿನ ಪ್ಲಗ್‌ಗಳನ್ನು ವಿದ್ಯುತ್ ಹರಿಯುವಾಗ ಕಳಚಬಾರದು. ಡಬ್ಬಿ ತೆರೆಯುವ ಕೆಲಸ ತರಬೇತಿ ಪಡೆದವರದು, ಮನೆಯವರದಲ್ಲ.

ಪ್ರಶ್ನೆ ಇರುವುದು ಹೊಣೆಗಾರಿಕೆಯಲ್ಲಿ. ಫಲಕಕ್ಕೆ ಕೇಂದ್ರದ ಅನುಮೋದಿತ ಪಟ್ಟಿಯಿದೆ. ಡಿಸಿ ಬ್ರೇಕರಿಗೆ ಐಇಸಿ 60947ರಂತಹ ಮಾನದಂಡವಿದ್ದರೂ ಅನುಮೋದಿತ ಮಾದರಿಗಳ ಅಂತಹ ಪಟ್ಟಿ ಇಲ್ಲ. ಪ್ರಕ್ರಿಯೆ ಸರಳಗೊಳಿಸುವ ಸಲುವಾಗಿ 2024ರ ನಿಯಮ ತಿದ್ದುಪಡಿ 10 ಕಿಲೋವ್ಯಾಟ್‌ವರೆಗಿನ ಅರ್ಜಿಗಳಿಗೆ ತಾಂತ್ರಿಕ ಸಾಧ್ಯತಾ ಅಧ್ಯಯನವನ್ನು ಕೈಬಿಟ್ಟಿತು. ವಿಳಂಬದಿಂದ ಬೇಸತ್ತಿದ್ದ ಗ್ರಾಹಕರಿಗೆ ಅದು ಸ್ವಾಗತಾರ್ಹವೇ. ಆದರೆ ಬೆಸ್ಕಾಂನಂತಹ ವಿತರಣಾ ಕಂಪನಿಗಳ ಗಮನ ಸಹಜವಾಗಿಯೇ ಮೀಟರ್ ಮೇಲೆ, ಜಾಲ ನಿಂತಾಗ ಇನ್ವರ್ಟರ್ ನಿಲ್ಲುವುದೇ ಎಂಬುದರ ಮೇಲೆ ಇರುತ್ತದೆ. ಡಿಸಿ ಡಬ್ಬಿಯೊಳಗಿನ ಬ್ರೇಕರಿನ ವೋಲ್ಟೇಜ್, ದಿಕ್ಕು, ತಯಾರಕರ ಹೆಸರು ಹಸ್ತಾಂತರ ಪತ್ರದಲ್ಲಿ ಛಾಯಾಚಿತ್ರ ಸಮೇತ ದಾಖಲಾಗಬೇಕೆಂದು ವಿಧಿಸಲು ಹೆಚ್ಚಿನ ವೆಚ್ಚವೇನೂ ಬೇಕಿಲ್ಲ.

ಸೂರ್ಯಘರ್ ಯೋಜನೆಯಡಿ ಅಳವಡಿಸಿದ ಸಂಸ್ಥೆಯೇ 5 ವರ್ಷ ನಿರ್ವಹಣೆ ನೋಡಿಕೊಳ್ಳಬೇಕು. ಆರಂಭದ ವರ್ಷದಲ್ಲಿ ಹಾಕಿಸಿಕೊಂಡವರ ಅವಧಿ 2029ರಲ್ಲಿ ಮುಗಿಯಲಿದೆ. ಫಲಕ ಸುಮಾರು 25 ವರ್ಷ ವಿದ್ಯುತ್ ಕೊಡುತ್ತದೆ. ಉಳಿದ 20 ವರ್ಷ ಆ ಡಬ್ಬಿಯನ್ನು ತೆರೆದು ನೋಡುವವರು ಯಾರೆಂದು ಯೋಜನೆಯಲ್ಲಾಗಲಿ ಮಾರಾಟಗಾರರ ಕರಪತ್ರದಲ್ಲಾಗಲಿ ಉತ್ತರವಿಲ್ಲ.