ಟ್ರಿಯೆಸ್ಟ್‌ನಲ್ಲಿ ನಡೆಯುವವರು ಇನ್ನೂ ಹತ್ತು ನಿಮಿಷ ನಡೆಯಲಿ

ಹಳೆಯ ಬಂದರು ಪೇಟೆಯನ್ನು ಬಸ್ಸಿನ ಕಿಟಕಿಯಿಂದ ನೋಡಿದರೆ ಕಟ್ಟಡಗಳಷ್ಟೇ ಕಾಣುತ್ತವೆ. ನಡೆದು ನೋಡಿದರೆ ಅಲ್ಲಿ ಯಾರು ಯಾರು ಬಾಳಿದರು ಎಂಬುದು ತಿಳಿಯುತ್ತದೆ. ಆದರೆ ಯಾವ ಬೀದಿಗೆ ತಿರುಗಿದೆವು ಎಂಬುದೂ ಮುಖ್ಯ. ಇಟಲಿಯ ಟ್ರಿಯೆಸ್ಟ್ ಇದಕ್ಕೆ ಒಳ್ಳೆಯ ಉದಾಹರಣೆ. ನಾವು ಅಲ್ಲಿಗೆ ಹೋದವರಲ್ಲ. ಭೂಪಟ, ಚಿತ್ರ, ಪುಸ್ತಕಗಳಲ್ಲೇ ಆ ಪೇಟೆಯನ್ನು ಸುತ್ತಿದವರು.

ಮೆಡಿಟರೇನಿಯನ್ನಿನ ಭಾಗವಾದ ಏಡ್ರಿಯಾಟಿಕ್ ಸಮುದ್ರದ ಉತ್ತರ ತುದಿಯಲ್ಲಿ, ಸ್ಲೊವೇನಿಯಾದ ಗಡಿಗೆ ತಾಗಿಕೊಂಡಂತೆ ಈ ಊರು ಇದೆ. ಸ್ಲೊವೇನ್ ಭಾಷೆಯಲ್ಲಿ ಇದರ ಹೆಸರು ತೃಸ್ತ್. ಬರೆಯುವಾಗ ಅವರು ಒಂದು ಸ್ವರವನ್ನೂ ಬಳಸುವುದಿಲ್ಲ. ನಮ್ಮ ಋಕಾರ ಆ ಹೆಸರಿಗೆ ಚೆನ್ನಾಗಿ ಒಪ್ಪುತ್ತದೆ! 1719ರಲ್ಲಿ ಆಸ್ಟ್ರಿಯಾದ ಚಕ್ರವರ್ತಿ ಆರನೇ ಚಾರ್ಲ್ಸ್ ಇದನ್ನು ಸುಂಕವಿಲ್ಲದ ಬಂದರೆಂದು ಸಾರಿದ ಮೇಲೆ ಗ್ರೀಕರು, ಸರ್ಬರು, ಯಹೂದಿಗಳು, ಜರ್ಮನರು ವ್ಯಾಪಾರಕ್ಕೆ ಬಂದು ನೆಲೆಸಿದರು. ಇಟಾಲಿಯನ್ನರೂ ಸ್ಲೊವೇನರೂ ಮೊದಲೇ ಇದ್ದವರು.

ಪ್ರವಾಸಿಗರ ನಡಿಗೆ ಶುರುವಾಗುವುದು ಸಾಮಾನ್ಯವಾಗಿ ಒಂದು ಬದಿ ಕಡಲಿಗೇ ತೆರೆದ ಏಕತಾ ಚೌಕದಿಂದ. ಅಲ್ಲಿಂದ ಸಮುದ್ರದೊಳಕ್ಕೆ ಚಾಚಿದ ಕಲ್ಲಿನ ಧಕ್ಕೆ, 1918ರಲ್ಲಿ ಅಲ್ಲಿ ಬಂದು ನಿಂತ ಇಟಲಿಯ ಯುದ್ಧನೌಕೆ ಅವುದಾಚೆಯ ಹೆಸರಿನದು. ಆಮೇಲೆ ದೊಡ್ಡ ಕಾಲುವೆ, ಅದರ ಪಕ್ಕದಲ್ಲಿ ನೀಲಿ ಗುಮ್ಮಟದ ಸರ್ಬಿಯನ್ ಚರ್ಚು, ಸೇತುವೆಯ ಮೇಲೆ ಜೇಮ್ಸ್ ಜಾಯ್ಸ್‌ನ ಪ್ರತಿಮೆ. ಆತ ಇಲ್ಲಿ ಇಂಗ್ಲಿಷ್ ಪಾಠ ಹೇಳಿ ಬದುಕಿದವನು, ಸಂಬಳ ಸಾಲದೆ ಕೈಗಡ ಕೇಳುತ್ತಿದ್ದನು. (ಮಾಸ್ತರರ ಕಥೆ ಎಲ್ಲ ಊರಲ್ಲೂ ಒಂದೇ!) ಕೊನೆಗೆ ಸಾನ್ ಜುಸ್ತೊ ಗುಡ್ಡ ಹತ್ತಿ ಇಳಿದರೆ ಮುಗಿಯಿತು. ಚಳಿಗಾಲದಲ್ಲಿ ಬೋರಾ ಎಂಬ ಗಾಳಿ ಗಂಟೆಗೆ ನೂರು ಕಿಲೋಮೀಟರ್ ಮೀರಿ ಬೀಸುವುದುಂಟು. ನಡೆಯುವವರು ಹಿಡಿದುಕೊಳ್ಳಲೆಂದು ಹಿಂದೆ ಬೀದಿಗಳಲ್ಲಿ ಹಗ್ಗ ಕಟ್ಟುತ್ತಿದ್ದರಂತೆ.

ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಊರು ಮಾತ್ರ ನೋಡಿದಂತೆ ಎಂಬುದು ನಮ್ಮ ತಕರಾರು. ಚೌಕದಿಂದ ಹತ್ತು ನಿಮಿಷ ನಡೆದರೆ ಫಿಲ್ಜಿ ಬೀದಿಯಲ್ಲಿ ನಾರೋದ್ನಿ ದೋಮ್ ಇದೆ. ಮಾಕ್ಸ್ ಫಾಬಿಯಾನಿ ಎಂಬ ವಾಸ್ತುಶಿಲ್ಪಿ ರೂಪಿಸಿದ ಈ ಕಟ್ಟಡ 1904ರ ಹೊತ್ತಿಗೆ ಸ್ಲೊವೇನರ ರಂಗಮಂದಿರ, ಬ್ಯಾಂಕು, ಹೋಟೆಲು, ಓದುವ ಕೋಣೆ ಎಲ್ಲವೂ ಆಗಿತ್ತು. 1920ರ ಜುಲೈ 13ರಂದು ಫ್ಯಾಸಿಸ್ಟರು ಅದಕ್ಕೆ ಬೆಂಕಿ ಇಟ್ಟರು. 1923ರ ಶಿಕ್ಷಣ ಸುಧಾರಣೆಯ ನಂತರ ಒಂದೊಂದೇ ತರಗತಿಯಾಗಿ ಸ್ಲೊವೇನ್ ಮಾಧ್ಯಮ ಇಲ್ಲವಾಯಿತು. ಮನೆತನದ ಹೆಸರುಗಳನ್ನೂ ಇಟಾಲಿಯನ್ ಮಾಡಲಾಯಿತು. ಹಾಜರಿ ಪುಸ್ತಕ ಹಿಡಿದು ಹೆಸರು ಕೂಗುವ ನಮಗೆ, ನಿನ್ನೆಯವರೆಗೆ ಒಂದು ಹೆಸರಿಗೆ ಓಗೊಟ್ಟ ಮಗು ಇಂದು ಇನ್ನೊಂದಕ್ಕೆ ಓಗೊಡಬೇಕಾದ ಕಷ್ಟ ಬೆಂಕಿಗಿಂತ ಹತ್ತಿರದ್ದಾಗಿ ಕಾಣುತ್ತದೆ.

ಸ್ಲೊವೇನ್ ಶಾಲೆಗಳು 1945ರಲ್ಲಿ ಮತ್ತೆ ತೆರೆದವು. ಇಂದು ಅವು ಇಟಲಿ ಸರಕಾರದ್ದೇ ಶಾಲೆಗಳು. ಅಲ್ಲಿನ ಮಕ್ಕಳು ಇಟಾಲಿಯನ್ನನ್ನೂ ಕಲಿಯುತ್ತಾರೆ. ಸ್ಲೊವೇನ್ ಅಲ್ಪಸಂಖ್ಯಾತರ ರಕ್ಷಣೆಗೆ 2001ರಲ್ಲಿ ಪ್ರತ್ಯೇಕ ಕಾನೂನೂ ಬಂತು.

ಸುಟ್ಟ ಮನೆಯ ಕಥೆ ಇನ್ನೂ ವಿಚಿತ್ರ. ಅದು ಮೊದಲು ಹೋಟೆಲಾಯಿತು, ಬಹಳ ಕಾಲದ ನಂತರ ವಿಶ್ವವಿದ್ಯಾಲಯದ ಭಾಷಾಂತರಕಾರರ ಶಾಲೆಯಾಯಿತು. ಬೆಂಕಿ ಬಿದ್ದು ಸರಿಯಾಗಿ ನೂರು ವರ್ಷಕ್ಕೆ, 2020ರ ಜುಲೈ 13ರಂದು, ಎರಡೂ ದೇಶಗಳ ರಾಷ್ಟ್ರಪತಿಗಳ ಎದುರು ಅದನ್ನು ಸ್ಲೊವೇನ್ ಸಮುದಾಯಕ್ಕೆ ಮರಳಿಸುವ ಪತ್ರಕ್ಕೆ ಸಹಿಯಾಯಿತು.

ಆ ಬೆಂಕಿಯನ್ನು ನಮ್ಮ ಕಾಸರಗೋಡಿನ ಕಷ್ಟಗಳಿಗೆ ಹೋಲಿಸುವುದು ಅತಿಯಾದೀತು, ನಾವು ಹೋಲಿಸುವುದೂ ಇಲ್ಲ. 1956ರಿಂದ ಕೇರಳದಲ್ಲಿದ್ದರೂ ಇಲ್ಲಿ ಕನ್ನಡ ಶಾಲೆಯ ಗಂಟೆ ಇನ್ನೂ ಬಾರಿಸುತ್ತಿದೆ. ಆದರೂ ಮಂಜೇಶ್ವರ ಎಂಬ ಹೆಸರು ಬೋರ್ಡಿನಲ್ಲಿ ಮಂಜೇಶ್ವರಂ ಆದಾಗ ಮನಸ್ಸಿಗೆ ಚುರುಕ್ ಎನ್ನುವವರು ಫಿಲ್ಜಿ ಬೀದಿಯಲ್ಲಿ ಸ್ವಲ್ಪ ಹೊತ್ತು ಹೆಚ್ಚೇ ನಿಂತಾರು.

ಸಹೋದ್ಯೋಗಿಗಳಲ್ಲಿ ನಮ್ಮದೊಂದು ವಿನಂತಿ. ಯುರೋಪಿನ ಭೂಪಟ ಬಿಡಿಸುವ ದಿನ ವೆನಿಸ್, ರೋಮ್‌ಗಳ ಜತೆಗೆ ಟ್ರಿಯೆಸ್ಟನ್ನೂ ಗುರುತಿಸಲು ಹೇಳಿ, ಬೋರಿಸ್ ಪಾಹೋರ್ ಎಂಬ ಹುಡುಗನ ಕಥೆ ಹೇಳಿ. ಏಳು ವರ್ಷ ತುಂಬಲು ಒಂದೂವರೆ ತಿಂಗಳಿದ್ದಾಗ ಆತ ಆ ಬೆಂಕಿಯನ್ನು ಕಣ್ಣಾರೆ ಕಂಡ. ಮುಂದೆ ಸ್ಲೊವೇನ್ ಭಾಷೆಯಲ್ಲೇ ಬರೆದು ಹೆಸರಾದ, ಅದೇ ಊರಿನ ಸ್ಲೊವೇನ್ ಶಾಲೆಯಲ್ಲಿ ಮಾಸ್ತರನಾದ. ಕಟ್ಟಡ ಮರಳಿದ್ದನ್ನೂ ನೋಡಿ, 2022ರಲ್ಲಿ, 108 ವರ್ಷ ಬದುಕಿ ತೀರಿಕೊಂಡ.